ಹಿನ್ನೀರಿನ ಗದ್ದುಗೆ

ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಬಲಗೈ ಭುಜದವರೆಗೂ ಒಂದು ಎಮ್ಮೆಯ ಗರ್ಭದೊಳಗಿತ್ತು. ಮತ್ತೋಡಿನ ಹತ್ತಿರದ ಒಂದು ಹಟ್ಟಿಯಲ್ಲಿ ಕರು ಅಡ್ಡ ತಿರುಗಿ ಸಿಕ್ಕಿಕೊಂಡಿದೆ ಎಂದು ಬೆಳಿಗ್ಗೆಯೇ ಕರೆದಿದ್ದರು. ನಾನು ಪಶುವೈದ್ಯ, ನನಗೆ ಇದು ಹೊಸ ಕೆಲಸವಲ್ಲ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಎಮ್ಮೆಯ ಯಜಮಾನನೇ ಅದನ್ನು ತೆಗೆದು ನನ್ನ ಕಿವಿಗೆ ಹಿಡಿದ. ಆ ಕಡೆಯಿಂದ ಸ್ನೇಹಿತ ತಿಪ್ಪೇಶ, "ಡಾಕ್ಟ್ರೇ, ಅಣ್ಣಾರು ಹೋದ್ರು" ಅಂದ. ನಾನು "ಹೂಂ" ಅಂದೆ. ಅಷ್ಟರಲ್ಲಿ ಎಮ್ಮೆ ತಿಣುಕಿತು. ನನ್ನ ತೋಳು ಗಾಣಕ್ಕೆ ಸಿಕ್ಕಿದಂತಾಯಿತು. ಕರುವಿನ ಹಿಂಗಾಲು ಬೆರಳಿಗೆ ಸಿಕ್ಕಿತು, ತಿರುಗಿಸಿದೆ, ಇಬ್ಬರು ಸೇರಿ ಎಳೆದೆವು. ಕರು ಬದುಕಿತು. ಕೈ ತೊಳೆದುಕೊಂಡು ಅವರು ಕೊಟ್ಟ ಟೀ ಕುಡಿದೆ. ಸಕ್ಕರೆ ಜಾಸ್ತಿಯಾಗಿದೆ ಅಂತಲೂ ಹೇಳಿದೆ.

ಕೈಗೆ ಜೋಮು ಹಿಡಿದಿತ್ತು. ಸ್ಕೂಟರಿನ ಹ್ಯಾಂಡಲ್ ಹಿಡಿದರೆ ಹಿಡಿದಿದ್ದು ಗೊತ್ತಾಗುತ್ತಿರಲಿಲ್ಲ. ಕೈಯ ಜೋಮು ಹೊಸದುರ್ಗ ಮುಟ್ಟುವಷ್ಟರಲ್ಲಿ ಬಿಟ್ಟಿತು. ಒಳಗೆ ಹಿಡಿದದ್ದು ಮಾತ್ರ ಬಿಡಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರಿಗೆ ತಮ್ಮ ಹೆಸರು ಎಲ್ಲಾದರೂ ಅಚ್ಚಾಗುವುದೆಂದರೆ ಆಗುತ್ತಿರಲಿಲ್ಲ. ಸತ್ತ ಮೇಲೆ ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಿಂದ ತಪ್ಪಿಸಿಕೊಳ್ಳಲಾಗಲಿಲ್ಲ, ಅದು ಬೇರೆ ಮಾತು. ಊರಿಗೆಲ್ಲ ಅವರು ಅಣ್ಣಾರು. ಹೊಸದುರ್ಗದಲ್ಲಿ ತೆಂಗಿನಕಾಯಿ, ಕೊಬ್ಬರಿಯ ಮಂಡಿ ಇಟ್ಟಿದ್ದರು. ದಪ್ಪ ಆಳು, ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ನೀರಿನ ಸದ್ದು ಕೇಳಿ, "ಇದು ಇನ್ನೂ ಮಾತಾಡ್ತೈತೆ, ಇರ್ಲಿ" ಎಂದು ಪಕ್ಕಕ್ಕಿಡುತ್ತಿದ್ದರು. ಸದ್ದಿಲ್ಲದ ಕಾಯಿ ಕೊಬ್ಬರಿಗೆ ಹೋಗುತ್ತಿತ್ತು. ಜಾಸ್ತಿ ಮಾತಾಡುವ ಮನುಷ್ಯರ ಬಗ್ಗೆಯೂ "ಇನ್ನೂ ಎಳೇದು" ಎಂದೇ ಹೇಳುತ್ತಿದ್ದರು. ನನ್ನ ಬಗ್ಗೆಯೂ ಹೇಳಿದ್ದಾರೆ.

ನಾನು ಈ ತಾಲ್ಲೂಕಿಗೆ ವರ್ಗವಾಗಿ ಬಂದ ಹೊಸತರಲ್ಲಿ ಅವರ ಮನೆಯ ಹಸು ನೋಡಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಊಟ ಮಾಡದೆ ಬಿಡಲಿಲ್ಲ. ಎರಡು ತುತ್ತು ತಿಂದಿರಬೇಕು, ಹೊಳಲ್ಕೆರೆ ರಸ್ತೆಯ ಒಂದು ಹಳ್ಳಿಯಿಂದ ಫೋನು ಬಂತು. ಹಸು ಎರಡು ದಿನದಿಂದ ಮೇವು ಮುಟ್ಟುತ್ತಿಲ್ಲವಂತೆ. ನಾನು ಏಳಲು ಹೊರಟೆ. ಅಣ್ಣಾರು ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಏನಪ್ಪ, ಡಾಕ್ಟ್ರು ಊಟಕ್ಕೆ ಕುಂತವ್ರೆ. ಉಂಡು ಬರ್ತಾರೆ. ಕುಂತೋರನ್ನ ಎಬ್ಬಿಸಬಾರ್ದು" ಎಂದು ಹೇಳಿ ಫೋನನ್ನು ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡರು.

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ನಿಮ್ಮ ಶಾಸ್ತ್ರ ಆ ಹಸುಗೇನು ಗೊತ್ತು? ಪಾಪ, ಕಳಿಸ್ರಿ ಅವರ್ನ."

"ಎರಡು ದಿನ ಕಾದೈತೆ, ಇನ್ನೊಂದು ರೊಟ್ಟಿ ಕಾಯಲ್ವಾ?"

ರೊಟ್ಟಿ ಮುಗಿಸಿ ಮಜ್ಜಿಗೆ ಕುಡಿದ ಮೇಲೆಯೇ ಫೋನು ವಾಪಸು ಸಿಕ್ಕಿತು. ಇದು ಅವರ ಒಂದೇ ಒಂದು ಕಟ್ಟುನಿಟ್ಟಿನ ಶಾಸ್ತ್ರ. ಮಂಡಿಯಲ್ಲಿ ಹಮಾಲಿಯೊಬ್ಬ ಬುತ್ತಿ ಬಿಚ್ಚಿ ಕುಂತಿದ್ದರೆ ಲಾರಿ ಬಂದು ಹಾರನ್ ಹೊಡೆದರೂ ಅವನನ್ನು ಕರೆಯುವಂತಿರಲಿಲ್ಲ. ಮನೆಯಲ್ಲಿ ಹೆಂಡತಿ ಉಣ್ಣಲು ಕುಂತರೆ ಅವರೇ ನಿಂತು ಬಡಿಸುತ್ತಿದ್ದರು. ಆಕೆ ಉಪ್ಪಿಗೆಂದು ಎದ್ದರೂ ಗದರುತ್ತಿದ್ದರು. ಆಕೆ ನಗುತ್ತಾ, "ನನ್ನ ಕೂರ್ಸಿ ಕೂರ್ಸಿ ದಪ್ಪ ಮಾಡವ್ರೆ ಡಾಕ್ಟ್ರೇ" ಎಂದು ದೂರು ಹೇಳುತ್ತಿದ್ದರು.

ಆಕೆ ಕಾಯಿಲೆಯಾಗಿ ತೀರಿಕೊಂಡಾಗ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ಅವರ ತೋಟದಿಂದ ಬೈಕಿನಲ್ಲಿ ಹೋಗಿ ನೋಡಬೇಕಾದಷ್ಟು ದೂರದಲ್ಲಿತ್ತು. ಅವರ ತೋಟದ ಕೆಳಭಾಗ ಅಣೆಕಟ್ಟು ಕಟ್ಟುವಾಗಲೇ ಮುಳುಗಡೆಗೆ ಸೇರಿದ ಜಾಗ. ಆದರೆ ಕೆರೆ ಅಷ್ಟು ತುಂಬಿದ್ದನ್ನು ಆ ಊರಿನಲ್ಲಿ ಬದುಕಿರುವ ಯಾರೂ ಕಂಡಿರಲಿಲ್ಲ. ನೀರು ಬಾರದ ನೀರಿನ ಜಾಗದಲ್ಲಿ ಅಜ್ಜನ ಕಾಲದಿಂದ ಜೋಳ, ಆಮೇಲೆ ತೆಂಗು ಬೆಳೆದುಕೊಂಡು ಬಂದಿದ್ದರು. ಅವರೊಬ್ಬರೇ ಅಲ್ಲ, ಹಿನ್ನೀರಿನ ಸುತ್ತ ಎಲ್ಲರೂ ಹಾಗೆಯೇ. ಕೆಳತೋಟದ ಮೋಟರ್ ಮನೆಯ ಹತ್ತಿರ ಆಕೆ ಮಲ್ಲಿಗೆ ಹಾಕಿದ್ದರು, ಸಂಜೆ ಅಲ್ಲೇ ಕೂರುತ್ತಿದ್ದರು. ಆಕೆಯನ್ನು ಅಲ್ಲೇ ಇಡಬೇಕೆಂದು ಅಣ್ಣಾರು ಹಟ ಹಿಡಿದರು.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗುಂಡಿಯೊಳಗೆ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ, ಪತ್ರೆ ತುಂಬಿ, ಮೇಲೆ ಗದ್ದುಗೆ ಕಟ್ಟುತ್ತಾರೆ. ವರ್ಷಕ್ಕೊಮ್ಮೆ ಅದರ ಮುಂದೆ ಎಡೆ ಇಡುತ್ತಾರೆ. ಕ್ರಿಯೆ ಮಾಡಿಸುವ ಅಯ್ಯನವರು ಅವತ್ತೇ ಎಚ್ಚರಿಸಿದ್ದರು. "ಅದು ನೀರಿನ ಜಾಗ. ಮೇಲ್ತೋಟದಲ್ಲಿ ಮಾಡಾಣ."

"ನಮ್ಮಪ್ಪ ಕಾಣದ ನೀರು ನಾನು ಕಾಣ್ತೀನಾ ಸ್ವಾಮಿ?" ಎಂದರು ಅಣ್ಣಾರು. ಗದ್ದುಗೆಯ ಪಕ್ಕದಲ್ಲಿ ಇನ್ನೊಂದಕ್ಕೆ ಆಗುವಷ್ಟು ಜಾಗ ಬಿಡಿಸಿದರು. "ಇದು ನನ್ನ ಸೀಟು" ಎಂದು ನನಗೂ ತೋರಿಸಿದ್ದರು. ಬಸ್ಸಿನ ಸೀಟಿನ ಮೇಲೆ ಕಿಟಕಿಯಿಂದ ಟವೆಲ್ ಹಾಕುವವರ ಹಾಗೆ ತಮ್ಮ ಹೆಗಲ ಟವೆಲನ್ನು ಆ ನೆಲದ ಮೇಲೆ ಹಾಸಿದ್ದರು.

ಆಮೇಲೆ ಮಳೆ ಬಂತು. ಒಂದು ವರ್ಷವಲ್ಲ, ಮೇಲಿಂದ ಮೇಲೆ ಬಂತು. ನಮ್ಮ ತಲೆಮಾರು ನೋಡದ ಕೋಡಿಯನ್ನು ನಾವು ನೋಡಿದೆವು. ಹಿರಿಯೂರಿನಲ್ಲಿ ಜನ ಪಟಾಕಿ ಹೊಡೆದರು, ಹೆಂಗಸರು ಬಾಗಿನ ಬಿಟ್ಟರು, ಚಿತ್ರದುರ್ಗದಿಂದ ಕಾರು ಮಾಡಿಕೊಂಡು ಬಂದು ಫೋಟೋ ತೆಗೆಸಿಕೊಂಡರು. ಇತ್ತ ಹೊಸದುರ್ಗದ ಕಡೆ ನೀರು ಸದ್ದಿಲ್ಲದೆ ತೋಟದೊಳಗೆ ಬಂತು. ಮೊದಲು ಮಲ್ಲಿಗೆ, ಆಮೇಲೆ ಗದ್ದುಗೆ, ಆಮೇಲೆ ಮೋಟರ್ ಮನೆಯ ಹೆಂಚು. ಎತ್ತರದ ತೆಂಗಿನ ಮರಗಳ ತಲೆ ಮಾತ್ರ ನೀರಿನ ಮೇಲೆ ಉಳಿದವು. ಅವೂ ಕ್ರಮೇಣ ಗರಿ ಉದುರಿಸಿಕೊಂಡು ಬೋಳಾದವು.

ಅಣ್ಣಾರು ಬಾಯಿ ಬಡಿದುಕೊಳ್ಳಲಿಲ್ಲ. "ನೀರಿನ ಜಾಗಕ್ಕೆ ನೀರು ಬಂತು. ಯಾರ ಮೇಲೆ ಜಗಳ ಆಡಾಣ?" ಎಂದರು. ಕೋಡಿ ನೋಡಲು ಎಲ್ಲರ ಜೊತೆ ಹೋಗಿ, ಯಾರೋ ಹಂಚಿದ ಮೈಸೂರುಪಾಕು ತಿಂದು ಬಂದರು. ಆ ವರ್ಷ ಹೆಂಡತಿಯ ತಿಥಿಗೆ ಹರಿಗೋಲಿನಲ್ಲಿ ಹೋಗಿ, ಅಂದಾಜಿನ ಮೇಲೆ ಒಂದು ಜಾಗದಲ್ಲಿ ಹೂ, ಪತ್ರೆ ಬಿಟ್ಟರು. ಗಾಳಿ ಅಷ್ಟನ್ನೂ ತಳ್ಳಿಕೊಂಡು ಆಚೆ ದಡಕ್ಕೆ ಹೋಯಿತು. ಅಲ್ಲಿ ಮೇಯುತ್ತಿದ್ದ ಕುರಿಗಳು ತಿಂದವು. "ನಮ್ಮನೆಯವ್ಳಿಗೆ ಅಂತ ತಂದಿದ್ದು, ಕುರಿ ಉಂಡ್ವು" ಎಂದು ನನಗೆ ಹೇಳಿದರು. ನಕ್ಕರು ಅಂದುಕೊಂಡೆ. ನೋಡಿದರೆ ನಕ್ಕಿರಲಿಲ್ಲ.

ಅಯ್ಯನವರು ಒಂದು ದಾರಿ ಹೇಳಿದರು. ಹಳೆಯ ಗದ್ದುಗೆಯಿಂದ ಒಂದು ಹಿಡಿ ಮಣ್ಣು ತಂದರೆ ಸಾಕು, ಅದನ್ನಿಟ್ಟು ಮೇಲ್ತೋಟದಲ್ಲಿ ಹೊಸ ಗದ್ದುಗೆ ಕಟ್ಟಬಹುದು. ನಾಳೆ ಅಣ್ಣಾರ ಕಾಲ ಬಂದಾಗ ಅವರನ್ನೂ ಅದರ ಪಕ್ಕದಲ್ಲೇ ಕೂರಿಸಬಹುದು. ನೀರು ಇಳಿಯುವವರೆಗೆ ಕಾಯಿರಿ ಎಂದು ಎಲ್ಲರೂ ಹೇಳಿದರು. ನೀರು ಇಳಿಯಲಿಲ್ಲ. ಅವರಿಗೆ ಎದೆನೋವು ಶುರುವಾಗಿದ್ದೂ ಆಗಲೇ.

ತಿಪ್ಪೇಶ ಈ ಕಥೆಗೆ ಬರುವುದು ಇಲ್ಲಿ. ಆದಿವಾಲದವನು, ಕುರಿ ಸಾಕುವ ಮನೆಯವನು. ಹತ್ತಾರು ವರ್ಷ ಕರಾವಳಿಯಲ್ಲಿ ಪ್ರವಾಸಿಗಳನ್ನು ಸಮುದ್ರದೊಳಗೆ ಕರೆದೊಯ್ದು ಮೀನು ತೋರಿಸುವ ಕೆಲಸ ಮಾಡಿ, ಊರಿಗೆ ವಾಪಸು ಬರುವಾಗ ಒಂದಷ್ಟು ಹಳೆಯ ಸಿಲಿಂಡರು, ನಳಿಕೆ, ರಬ್ಬರ್ ಅಂಗಿಗಳನ್ನು ತಂದಿದ್ದ. ಅವನ ಅಪ್ಪನ ಕುರಿಗಳಿಗೆ ನಾನೇ ಡಾಕ್ಟರು. ಹಾಗೆ ಸ್ನೇಹವಾಗಿ, ಭಾನುವಾರ ಹಿನ್ನೀರಿನಲ್ಲಿ ಮುಳುಗಲು ಕಲಿಸಿದ. ಅಣೆಕಟ್ಟಿನ ಹತ್ತಿರ ಇಳಿಯಲು ಬಿಡುವುದಿಲ್ಲ, ಈ ಕಡೆ ಕೇಳುವವರಿಲ್ಲ. ಹಿರಿಯೂರಿನ ಒಂದಿಬ್ಬರು ಸ್ನೇಹಿತರು ಬರುತ್ತಿದ್ದರು. ಬರೀ ಮೋಜಿಗೆ. ನಲವತ್ತು ದಾಟಿದ ಗಂಡಸರಿಗೆ ಹೆಂಡತಿಯ ಫೋನು ತಲುಪದ ಜಾಗ ಅದೊಂದೇ.

ಇದು ಅಣ್ಣಾರ ಕಿವಿಗೆ ಬಿತ್ತು. ಒಂದು ಭಾನುವಾರ ಪಂಚೆ ಎತ್ತಿ ಕಟ್ಟಿಕೊಂಡು ದಡಕ್ಕೆ ಬಂದರು.

"ಲೇ ತಿಪ್ಪೇಶಿ, ನನಗೂ ಕಲಿಸ್ತೀಯೇನಲೇ?"

"ನಿಮಗೆ ಈ ವಯಸ್ಸಲ್ಲಿ ಯಾಕ್ರಿ ಅಣ್ಣಾರೆ? ಎದೆ ಬೇರೆ ಸರಿ ಇಲ್ಲ ಅಂತೀರಿ."

"ಒಂದು ಹಿಡಿ ಮಣ್ಣು ತರ್ಬೇಕು ಕಣಪ್ಪ" ಎಂದರು. ಮುಚ್ಚುಮರೆ ಏನೂ ಇಲ್ಲ. ಸಂತೆಗೆ ಹೋಗಿ ಸೊಪ್ಪು ತರಬೇಕು ಅನ್ನುವಷ್ಟು ಸಲೀಸಾಗಿ ಹೇಳಿದರು.

ತಿಪ್ಪೇಶ ಚಿತ್ರದುರ್ಗದ ಹೃದಯದ ಡಾಕ್ಟರ ಒಪ್ಪಿಗೆ ತರುವವರೆಗೂ ನೀರಿಗೆ ಇಳಿಸಲಿಲ್ಲ. ಆ ಡಾಕ್ಟರು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಆಳಕ್ಕೆ ಹೋಗಬಾರದು, ಆಯಾಸ ಮಾಡಿಕೊಳ್ಳಬಾರದು ಎಂದರು. ಗದ್ದುಗೆ ಇದ್ದದ್ದು ಮೂರಾಳು ಆಳದಲ್ಲಿ. ಅದು ಆಳವೇ ಅಲ್ಲ ಎಂದು ತಿಪ್ಪೇಶ ಹೇಳಿದ. ಆದರೂ ಕೆಳಗೆ ಬೇಲಿಯ ತಂತಿ ಉಂಟು, ಮೀನಿನ ಬಲೆ ಉಂಟು, ಬಾಯಿ ತೆರೆದ ಬಾವಿ ಉಂಟು.

ರಬ್ಬರ್ ಅಂಗಿ ತೊಡಿಸುವುದು ಇಬ್ಬರ ಕೆಲಸವಾಯಿತು. ನಾನು ಹಿಂದಿನಿಂದ ಎಳೆಯುತ್ತಿದ್ದೆ, ತಿಪ್ಪೇಶ ಮುಂದಿನಿಂದ ತುಂಬುತ್ತಿದ್ದ. "ಕಾಯಿ ಸುಲಿಯೋದು ಇದಕ್ಕಿಂತ ವಾಸಿ. ಇದು ಸುಲಿದ ಕಾಯಿಗೆ ವಾಪಸು ಮಟ್ಟೆ ಹಾಕ್ದಂಗೆ ಐತೆ" ಎಂದು ಏದುಸಿರು ಬಿಡುತ್ತಿದ್ದರು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ, ಅದರೊಳಗಿನ ಲಿಂಗ, ಎದೆಯ ಮೇಲೆ ಬುಗುಟೆಯ ಹಾಗೆ ಉಬ್ಬುತ್ತಿತ್ತು. ತೆಗೆದಿಡಿ ಎಂದು ತಿಪ್ಪೇಶ ಒಂದೇ ಸಲ ಹೇಳಿದ. ಅವರು ನೋಡಿದ ನೋಟಕ್ಕೆ ಮತ್ತೆ ಹೇಳಲಿಲ್ಲ.

ನೀರೊಳಗೆ ಮಾತಿಲ್ಲ, ಕೈಸನ್ನೆ ಮಾತ್ರ. ಆದರೆ ನಮ್ಮ ಹಿನ್ನೀರಿನಲ್ಲಿ ಕೈಸನ್ನೆಯೂ ಕಷ್ಟ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ನೀರು ಒಂದಿಷ್ಟು ತಿಳಿಯಾಗುತ್ತದೆ, ಹೆಸರುಕಾಳು ನೆನೆಸಿದ ನೀರಿನಷ್ಟು. ಯಾರಾದರೂ ಕಾಲು ಬಡಿದರೆ ತಳದ ಗೋಡು ಎದ್ದು ಪಕ್ಕದವರ ಮುಖವೂ ಕಾಣುವುದಿಲ್ಲ. ಅಣ್ಣಾರು ಇದಕ್ಕೊಂದು ಉಪಾಯ ಮಾಡಿದರು. ದನದ ಜಾತ್ರೆಯಲ್ಲಿ, ಮಂಡಿಯಲ್ಲಿ ಹಳಬರು ಟವೆಲಿನ ಕೆಳಗೆ ಕೈ ಕೈ ಹಿಡಿದು ಬೆರಳಿನಲ್ಲೇ ವ್ಯಾಪಾರ ಮಾಡುತ್ತಾರಲ್ಲ, ಅದನ್ನೇ ನೀರಿಗೆ ಇಳಿಸಿದರು. ಎದುರಿನವರ ಒಂದು ಬೆರಳು ಹಿಡಿದು ಒತ್ತಿದರೆ "ಸರಿ ಇದೀಯಾ?" ಅವರೂ ನಿಮ್ಮ ಒಂದು ಬೆರಳು ಒತ್ತಿದರೆ "ಸರಿ ಇದೀನಿ." ಎರಡು ಬೆರಳು ಹಿಡಿದರೆ "ಕೆಳಗೆ ಹೋಗಾಣ." ಇಡೀ ಅಂಗೈ ಹಿಡಿದರೆ "ಮೇಲೆ ಹೋಗಾಣ." ಕರಾವಳಿಯಲ್ಲಿ ಕಲಿತು ಬಂದ ತಿಪ್ಪೇಶನೂ ಸನ್ನೆ ಬಿಟ್ಟು ಇದನ್ನೇ ಹಿಡಿದ. ದಡದ ಮೇಲೆ ಅಭ್ಯಾಸ ಮಾಡುವಾಗ ನಮ್ಮ ಕೈಗಳ ಮೇಲೆ ಅಣ್ಣಾರ ಟವೆಲ್ ಮುಚ್ಚಿರುತ್ತಿತ್ತು. ದಾರಿಯಲ್ಲಿ ಹೋಗುವವರು ಎಮ್ಮೆ ವ್ಯಾಪಾರ ಅಂದುಕೊಂಡಿರಬೇಕು.

ಅವರು ಬರೀ ದುಃಖಕ್ಕೆ ನೀರಿಗಿಳಿದರು ಎಂದರೆ ಸುಳ್ಳಾಗುತ್ತದೆ. ಅವರಿಗೆ ಅಲ್ಲಿ ಬಹಳ ಖುಷಿಯಿತ್ತು. ಆ ದಪ್ಪ ಮೈ ನೀರೊಳಗೆ ಹಗುರವಾಗಿ, ಕೈ ಕಟ್ಟಿಕೊಂಡು, ಮಂಡಿಯ ಗಾದಿಯ ಮೇಲೆ ಕುಂತ ಹಾಗೆ ತೇಲುತ್ತಿತ್ತು. ಜಿಲೇಬಿ ಮೀನುಗಳು ಅವರ ಕನ್ನಡಕದ ಹತ್ತಿರ ಬಂದು ನೋಡುತ್ತಿದ್ದವು. "ನಾವು ಮೀನು ತಿನ್ನೋರಲ್ಲ ಅಂತ ಅವಕ್ಕೆ ಗೊತ್ತಾಗೈತೆ. ನಿಮ್ಮನ್ನ ಕಂಡ್ರೆ ಓಡ್ತಾವೆ ನೋಡ್ರಿ" ಎಂದು ನನ್ನನ್ನು ಹಂಗಿಸುತ್ತಿದ್ದರು. ಮೇಲೆ ಬಂದ ಮೇಲೆ ಚೀಲದಿಂದ ಕೊಬ್ಬರಿ ಬೆಲ್ಲ ತೆಗೆದು ಎಲ್ಲರಿಗೂ ಹಂಚುತ್ತಿದ್ದರು. ಅದನ್ನು ಕುಂತು ತಿಂದು ಮುಗಿಸುವವರೆಗೂ ಯಾರೂ ಏಳುವಂತಿಲ್ಲ, ಫೋನು ಎತ್ತುವಂತಿಲ್ಲ. ನನ್ನ ಫೋನು ಅವರ ತೊಡೆಯ ಕೆಳಗೇ ಇರುತ್ತಿತ್ತು.

ಮೊದಲ ಸಲ ಗದ್ದುಗೆ ಹುಡುಕಲು ಇಳಿದ ದಿನ ಅವರು ಸೊಂಟಕ್ಕೊಂದು ಚೀಲ ಕಟ್ಟಿಕೊಂಡಿದ್ದರು. ಏನೆಂದು ಕೇಳಿದರೆ ಹೇಳಲಿಲ್ಲ. ಇಳಿದು ಸ್ವಲ್ಪ ಹೊತ್ತಿಗೆ ಅವರ ಸೊಂಟ ಮೇಲಾಯಿತು, ತಲೆ ಕೆಳಗಾಯಿತು. ಎಷ್ಟು ಕಾಲು ಬಡಿದರೂ ನೆಟ್ಟಗಾಗಲು ಆಗುತ್ತಿಲ್ಲ. ಗೋಡು ಎದ್ದಿತು. ತಿಪ್ಪೇಶ ಕೈಗೆ ಸಿಕ್ಕ ಗಂಟು ಬಿಚ್ಚಿದ. ಚೀಲದಿಂದ ಐದು ತೆಂಗಿನಕಾಯಿ ಒಂದರ ಹಿಂದೊಂದು ಹೊರಟು ಮೇಲಕ್ಕೆ ಹೋದವು. ನಾವು ತಲೆ ಎತ್ತಿದಾಗ ಹರಿಗೋಲಿನ ಮೀನುಗಾರ ಅವನ್ನು ಆಯ್ದುಕೊಳ್ಳುತ್ತಾ, "ಯಾರ್ದ್ರೀ ಕಾಯಿ? ನೀರೊಳಗೂ ಮಂಡಿ ಇಟ್ಟೀರೇನು?" ಎಂದು ಕೇಳುತ್ತಿದ್ದ.

ತಿಪ್ಪೇಶನಿಗೆ ಕೋಪ ಬಂದಿತ್ತು. "ಹೊಸದುರ್ಗದಾಗೆ ಹುಟ್ಟಿ, ಕಾಯಿ ವ್ಯಾಪಾರ ಮಾಡಿ, ಕಾಯಿ ತೇಲ್ತೈತೆ ಅಂತ ಗೊತ್ತಿಲ್ವೇನ್ರಿ?"

ಅಣ್ಣಾರು ಮುಖ ಒರೆಸಿಕೊಂಡರು. "ಗೊತ್ತೈತೆ ಕಣಪ್ಪ. ಅವಳಿಗೆ ಅಂತ ತಂದಿದ್ದಲ್ವಾ, ಮುಳುಗ್ತವೆ ಅನ್ಕಂಡೆ."

ನಾವು ದಡಕ್ಕೆ ಬರುವವರೆಗೂ ನಕ್ಕೆವು. ಅವರೂ ನಕ್ಕರು. ಚೀಲದ ತಳದಲ್ಲಿ ಒಂದು ಕಟ್ಟು ಊದಿನಕಡ್ಡಿಯೂ ಇತ್ತು. ಅದನ್ನು ನೋಡಿ ಮತ್ತೊಂದು ಸುತ್ತು ನಕ್ಕೆವು.

ಆಮೇಲಿನ ಭಾನುವಾರಗಳಲ್ಲಿ ದಾರಿ ಗೊತ್ತಾಗುತ್ತಾ ಹೋಯಿತು. ಬೋಳು ತೆಂಗಿನ ಸಾಲು ಹಿಡಿದು ಕೆಳಗಿಳಿದರೆ ಮೋಟರ್ ಮನೆ, ಮೋಟರ್ ಮನೆಯ ಬಾಗಿಲಿನಿಂದ ನೇರ ಹೋದರೆ ಗದ್ದುಗೆ. ಕೊನೆಗೂ ಅದು ಸಿಕ್ಕ ದಿನ ನಾನು ಅವರ ಎಡಗಡೆ ಇದ್ದೆ, ತಿಪ್ಪೇಶ ಬಲಗಡೆ. ಮೊದಲು ಕಂಡದ್ದು ಸಿಮೆಂಟಿನ ಒಂದು ಮೂಲೆ, ಆಮೇಲೆ ಮೇಲಿನ ಪುಟ್ಟ ನಂದಿ. ಅದರ ಕೊಂಬಿನ ಮೇಲೆ ಪಾಚಿ ಕಟ್ಟಿತ್ತು. ಅಣ್ಣಾರು ಮುಂದಕ್ಕೆ ಹೋಗಿ ಎರಡೂ ಕೈಯಿಂದ ಅದನ್ನು ಒರೆಸಿದರು. ಅಲ್ಲಿಗೆ ನೀರು ಕದಡಿ ಎಲ್ಲ ಕಪ್ಪಾಯಿತು.

ಕತ್ತಲಲ್ಲಿ ಅವರ ಕೈ ಹುಡುಕಿ ಹಿಡಿದುಕೊಂಡೆ. ಒಂದು ಬೆರಳು ಒತ್ತಿದೆ. ಅವರೂ ಒಂದು ಬೆರಳು ಒತ್ತಿದರು. ಕಾದೆ. ಅವರ ಇನ್ನೊಂದು ಕೈ ಏನು ಮಾಡುತ್ತಿತ್ತೋ ನನಗೆ ಕಾಣಲಿಲ್ಲ, ಮಣ್ಣು ತೆಗೆಯುತ್ತಿದ್ದಾರೆ ಅಂದುಕೊಂಡೆ. ಕಣ್ಣಿಗೆ ಒತ್ತಿ ಹಿಡಿದು ನೋಡಿದರೆ ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಇಳಿಯುತ್ತಾ ಬಂದಿತ್ತು. ಅಂಗೈ ಹಿಡಿದೆ, ಮೇಲೆ ಹೋಗೋಣ ಎಂದು. ಅವರು ಒಂದು ಬೆರಳು ಒತ್ತಿದರು, ಸರಿ ಇದೀನಿ. ಮತ್ತೆ ಅಂಗೈ ಹಿಡಿದೆ. ಮತ್ತೆ ಒಂದೇ ಬೆರಳು. ನನಗೆ ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಈ ಮನುಷ್ಯ ಇಲ್ಲೇ ಕೂತುಬಿಟ್ಟರೆ ಏನು ಗತಿ ಎಂದು ಯೋಚಿಸಿದೆ. ಆಗ ಅವರಾಗಿಯೇ ನನ್ನ ಅಂಗೈ ಹಿಡಿದರು.

ಹರಿಗೋಲಿನಲ್ಲಿ ಅವರ ಎರಡೂ ಕೈ ಖಾಲಿಯಿದ್ದವು. ಬೆರಳಿನ ಸಂದಿಯಲ್ಲಿ ಪಾಚಿ ಮಾತ್ರ.

"ಮಣ್ಣು ಎಲ್ರಿ?" ತಿಪ್ಪೇಶ ಕೇಳಿದ.

"ತರ್ಲಿಲ್ಲ."

"ಯಾಕ್ರಿ? ಮತ್ತೆ ಇಳಿಯಾಣ ಬರ್ರಿ, ಇನ್ನೊಂದು ಸಿಲಿಂಡರ್ ಐತೆ."

"ಬ್ಯಾಡ ಕಣಪ್ಪ. ಕೈ ಹಾಕ್ದೆ. ಹಿಡಿ ತುಂಬ ಬಂತು. ಆಮೇಲೆ ವಾಪಸು ಬಿಟ್ಟೆ." ಸ್ವಲ್ಪ ಹೊತ್ತು ಏದುಸಿರು ಬಿಟ್ಟರು. "ತಣ್ಣಗೆ ಕುಂತವ್ಳೆ. ಕುಂತೋರನ್ನ ಎಬ್ಬಿಸಬಾರ್ದು."

ತಿಪ್ಪೇಶ ನನ್ನ ಮುಖ ನೋಡಿದ. ಇಷ್ಟು ತಿಂಗಳು ಎಲ್ಲರೂ ಪಟ್ಟ ಪಾಡು ಅವನ ಮುಖದಲ್ಲಿತ್ತು. ಅವನು ಏನಾದರೂ ಹೇಳುವ ಮೊದಲು ಅಣ್ಣಾರು ಚೀಲ ತೆಗೆದು ಕೊಬ್ಬರಿ ಬೆಲ್ಲ ಹಂಚಿದರು. ತಿನ್ನುವಾಗ ಮಾತಾಡುವಂತಿರಲಿಲ್ಲವಲ್ಲ.

ಆಮೇಲೂ ಅವರು ಭಾನುವಾರ ಬರುತ್ತಿದ್ದರು. ಮಣ್ಣಿನ ಮಾತು ಎತ್ತಲಿಲ್ಲ. ಮೇಲ್ತೋಟದಲ್ಲಿ ಗದ್ದುಗೆಯನ್ನೂ ಕಟ್ಟಿಸಲಿಲ್ಲ. ನಿಮ್ಮ ಸೀಟಿನ ಕಥೆ ಏನು ಎಂದು ನಾನೇ ಒಮ್ಮೆ ಕೇಳಿದೆ. "ಅಲ್ಲಂತೂ ಇನ್ನು ಆಗಲ್ಲ ಡಾಕ್ಟ್ರೇ" ಎಂದರು. ಬೇಸರವಾಗಿತ್ತು ಅವರಿಗೆ, ಅದನ್ನು ಮುಚ್ಚಿಡಲು ಹೋಗಲಿಲ್ಲ. "ಒಂದೇ ತೋಟ ಅಂತ ಅನ್ಕಂತೀನಿ. ಅವಳು ಕೆಳಗೆ, ನಾನು ಮೇಲೆ. ದೂರ ಆಯ್ತು, ಏನ್ ಮಾಡಾದು." ಅವತ್ತು ಅವರು ನೀರಿಗೆ ಇಳಿಯಲಿಲ್ಲ, ದಡದಲ್ಲೇ ಕುಂತು ನಮ್ಮ ಬಟ್ಟೆ ಕಾದರು.

ಎದೆನೋವು ಜೋರಾಗಿ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದಾಗ ನಾನು ಸಂಜೆ ನೋಡಲು ಹೋಗಿದ್ದೆ. ಬಾಯಿಗೆ ನಳಿಕೆ ಹಾಕಿದ್ದರು. ಅದು ಅವರಿಗೆ ಹೊಸದಲ್ಲ ಎಂದು ತಮಾಷೆ ಮಾಡಬೇಕು ಅನ್ನಿಸಿತು, ಮಾಡಲಿಲ್ಲ. ಹೊದಿಕೆಯ ಕೆಳಗೆ ಕೈ ಹಾಕಿ ಅವರ ಒಂದು ಬೆರಳು ಒತ್ತಿದೆ. ತಡವಾಗಿ, ಆದರೆ ಸರಿಯಾಗಿ, ಅವರೂ ಒಂದು ಬೆರಳು ಒತ್ತಿದರು. ನರ್ಸಮ್ಮ ಹೊರಗೆ ಹೋಗಿ ಎಂದರು. ಮನೆಗೆ ಬಂದು, ಅವರು ಸರಿ ಇದ್ದಾರೆ ಎಂದು ತಿಪ್ಪೇಶನಿಗೆ ಫೋನು ಮಾಡಿ ಹೇಳಿದೆ. ಮಾರನೆಯ ದಿನವೇ ಆ ಎಮ್ಮೆ.

ಮೇಲ್ತೋಟದಲ್ಲಿ ಗುಂಡಿ ತೆಗೆದಿದ್ದರು. ಅಲ್ಲಿಂದ ಹಿನ್ನೀರು ಕಾಣುತ್ತದೆ. ಜನ ಬಹಳ ಸೇರಿದ್ದರು, ಹಮಾಲಿಗಳು ಗಟ್ಟಿಯಾಗಿ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಗುಂಡಿಯ ಮಣ್ಣು ಮೇಲೆ ಕೆಂಪಗಿದೆ, ಕೆಳಗೆ ಸುಣ್ಣಕಲ್ಲು ಸಿಕ್ಕಿದೆ, ತೆಂಗಿಗೆ ಇದು ಒಳ್ಳೆಯದಲ್ಲ ಎಂದು ಯೋಚಿಸುತ್ತಿದ್ದೆ. ಅವರನ್ನು ಕೂರಿಸಿದಾಗ ಕತ್ತು ಒಂದು ಕಡೆ ವಾಲಿತು, ಯಾರೋ ವಿಭೂತಿ ಗಟ್ಟಿ ಇಟ್ಟು ಸರಿಮಾಡಿದರು. ಅದನ್ನೂ ಬೇರೆ ಯಾರದ್ದೋ ಎಂಬಂತೆ ನೋಡಿದೆ.

ಅಯ್ಯನವರು ಕೈ ತಡೆದರು. "ಪಕ್ಕದಾಗೆ ಕೂರ್ಬೇಕು ಅಂತ ಅವರ ಆಸೆ ಇತ್ತು. ಆಯಮ್ಮನ ಗದ್ದುಗೆ ಮಣ್ಣು ಒಂದು ಹಿಡಿ ಇದ್ದಿದ್ರೆ ಮಡಿಲಿಗೆ ಹಾಕ್ಬಹುದಿತ್ತು" ಎಂದು ನನ್ನನ್ನೂ ತಿಪ್ಪೇಶನನ್ನೂ ನೋಡಿದರು. ಸುತ್ತಲಿದ್ದವರೆಲ್ಲ ನೋಡಿದರು. ತರುವುದು ಕಷ್ಟವಿರಲಿಲ್ಲ. ದಾರಿ ಗೊತ್ತಿತ್ತು, ಸಿಲಿಂಡರು ತುಂಬಿತ್ತು. ತಿಪ್ಪೇಶ ಆಗಲೇ ಹೊರಟಿದ್ದ.

"ಬೇಡ ತಿಪ್ಪೇಶ" ಎಂದೆ. "ತರಬಾರದು ಅಂತ ಅವರೇ ಬಿಟ್ಟು ಬಂದಿದ್ದಾರೆ."

ಜನ ಗುಸುಗುಸು ಮಾತಾಡಿದರು. ಡಾಕ್ಟರಿಗೆ ಇದರಲ್ಲೇನು ಅಧಿಕಾರ ಎಂದು ಯಾರೋ ಅಂದರು. ಸರಿಯಾದ ಮಾತೇ. ಆಗ ಅವರ ಮಗಳು, ಚಿತ್ರದುರ್ಗಕ್ಕೆ ಕೊಟ್ಟ ಒಬ್ಬಳೇ ಮಗಳು, ಗುಂಡಿಯ ಅಂಚಿನಿಂದ ನನ್ನ ಹತ್ತಿರ ಬಂದಳು. ಬೆಳಗಿನಿಂದ ಅತ್ತು ಅವಳ ದನಿ ಹೋಗಿತ್ತು.

"ಅಪ್ಪಾಜಿ ಏನಂದಿದ್ರು ಅಂಕಲ್?"

"ಕುಂತೋರನ್ನ ಎಬ್ಬಿಸಬಾರ್ದು ಅಂದ್ರು ಕಣವ್ವ."

ಅವಳು ತಲೆಯಾಡಿಸಿದಳು. ಆ ಮಾತು ಅವಳಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ಹಿನ್ನೀರಿನ ಕಡೆ ನೋಡಿ, ಅಪ್ಪನ ಟವೆಲ್ ತರಿಸಿದಳು. ಗುಂಡಿಯ ಅಂಚಿನ ಕೆಂಪು ಮಣ್ಣನ್ನು ಒಂದು ಹಿಡಿ ಅದರೊಳಗೆ ಹಾಕಿ ಗಂಟು ಕಟ್ಟಿದಳು. "ಅಮ್ಮ ಏಳಾದು ಬ್ಯಾಡ. ಅಪ್ಪಾಜಿನೇ ಹೋಗ್ಲಿ" ಎಂದು ಗಂಟನ್ನು ನನ್ನ ಕೈಯಲ್ಲಿಟ್ಟಳು. ಅಯ್ಯನವರು ಬೇಡ ಅನ್ನಲಿಲ್ಲ. ಗುಂಡಿ ಮುಚ್ಚಿದರು.

ಮುಂದಿನ ಭಾನುವಾರ ಇಳಿದೆವು. ಮಗಳು ಹರಿಗೋಲಿನಲ್ಲಿ ಕುಂತಿದ್ದಳು. ಬೋಳು ತೆಂಗಿನ ಸಾಲು, ಮೋಟರ್ ಮನೆ, ಬಾಗಿಲು, ನೇರ. ಕಾಯಿ ತೇಲಿದ ಹಾಗೆ ಗಂಟು ತೇಲುತ್ತದೇನೋ ಎಂದು ಗಟ್ಟಿಯಾಗಿ ಹಿಡಿದಿದ್ದೆ, ಅದು ತನ್ನ ಭಾರಕ್ಕೆ ನನ್ನನ್ನೂ ಸೀದಾ ಕೆಳಗೆಳೆಯಿತು. ಗದ್ದುಗೆಯ ಪಕ್ಕದಲ್ಲಿ ಅವರು ಬಿಡಿಸಿದ್ದ ಜಾಗದಲ್ಲಿ ಗಂಟನ್ನು ಇಟ್ಟೆ. ಮೇಲೊಂದು ಕಲ್ಲು ಇಟ್ಟ ತಿಪ್ಪೇಶ. ಗೋಡು ಎದ್ದು ಕತ್ತಲಾಯಿತು. ಅವನ ಕೈ ನನ್ನ ಕೈ ಹುಡುಕಿಕೊಂಡು ಬಂದು ಒಂದು ಬೆರಳು ಒತ್ತಿತು. ನಾನೂ ಒಂದು ಬೆರಳು ಒತ್ತಿದೆ. ಸುಳ್ಳಲ್ಲ. ನನಗೆ ಏನೂ ಆಗಿರಲಿಲ್ಲ, ಏನೂ ಅನ್ನಿಸಿರಲಿಲ್ಲ.

ದಡಕ್ಕೆ ಬಂದು, ರಬ್ಬರ್ ಅಂಗಿ ಸುಲಿದು, ಮೈ ಒರೆಸಿ ಬಟ್ಟೆ ಹಾಕಿಕೊಂಡೆವು. ಮಗಳು ಅಪ್ಪನದೇ ಚೀಲ ತಂದಿದ್ದಳು. ಅದರಿಂದ ಕೊಬ್ಬರಿ ಬೆಲ್ಲ ತೆಗೆದು ನನಗೂ ತಿಪ್ಪೇಶನಿಗೂ ಕೊಟ್ಟಳು, ತಾನೂ ತೆಗೆದುಕೊಂಡಳು. ಮೂವರೂ ಕುಂತೆವು. ಬಾಯಿಗೆ ಹಾಕಿಕೊಂಡಿದ್ದೆ, ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೊಳಲ್ಕೆರೆ ಕಡೆಯ ನಂಬರು. ಅಭ್ಯಾಸಬಲ, ನೆಲಕ್ಕೆ ಕೈಯೂರಿ ಅರ್ಧ ಎದ್ದೆ.

"ಕುಂತ್ಕಳ್ರಿ ಅಂಕಲ್" ಎಂದಳು ಅವಳು. ಕೈ ಚಾಚಿ ಫೋನು ತೆಗೆದುಕೊಂಡು, "ಡಾಕ್ಟ್ರು ತಿನ್ನಾಕೆ ಕುಂತವ್ರೆ ಕಣಣ್ಣ, ತಿಂದು ಬರ್ತಾರೆ" ಎಂದು ಹೇಳಿ, ಅದನ್ನು ತನ್ನ ತೊಡೆಯ ಕೆಳಗೆ ಇಟ್ಟುಕೊಂಡಳು.

ನಾನು ಕುಂತೆ. ಬಾಯಲ್ಲಿ ಇನ್ನೂ ಬೆಲ್ಲವಿತ್ತು. ಅಲ್ಲಿ, ಅವರಿಬ್ಬರ ಎದುರಿಗೆ, ದನಿ ತೆಗೆದು ಅತ್ತೆ. ಯಾರೂ ನನ್ನನ್ನು ಎಬ್ಬಿಸಲಿಲ್ಲ.